ಒಂದು ಕೋಲು, ಒಂದು ವರ್ಷ: ಋತು ಯಾವಾಗ ಬದಲಾಯಿತೆಂದು ನೆರಳು ಅಳೆದು ತಿಳಿಯುವುದು ಹೇಗೆ

ಕ್ಯಾಲೆಂಡರಿನ ಹಾಳೆ ಮಗುಚಿದರೆ ಋತು ಒಂದೇ ದಿನದಲ್ಲಿ ಬದಲಾಗಿಬಿಡುತ್ತದೆ. ಬಾಗಿಲು ತೆರೆದು ಹೊರಗೆ ನೋಡಿದರೆ ನಿನ್ನೆಯ ಚಳಿಯೇ ಇರುತ್ತದೆ. ಎರಡರಲ್ಲಿ ಯಾವುದೂ ಸುಳ್ಳಲ್ಲ, ಲೆಕ್ಕ ಮಾತ್ರ ಬೇರೆಬೇರೆ. ಋತುವಿಗೆ ಮೂರು ಗಡಿಯಾರಗಳಿವೆ. ಸೂರ್ಯನದು ನಿಮಿಷದ ಲೆಕ್ಕದಲ್ಲಿ ನಡೆಯುತ್ತದೆ. ಹವೆಯದು ಅದರ ಹಿಂದೆ ಕೆಲವು ವಾರ ತಡವಾಗಿ ಬರುತ್ತದೆ. ಗಿಡಮರ, ಹಕ್ಕಿ, ಹುಳುಗಳದ್ದು ವರ್ಷದಿಂದ ವರ್ಷಕ್ಕೆ ಹಿಂದೆಮುಂದೆ ಆಗುತ್ತದೆ. ಉಳಿದೆರಡೂ ಮೊದಲನೆಯದಕ್ಕೆ ಜೋತುಬಿದ್ದಿರುವುದರಿಂದ ಇಲ್ಲಿ ಹೆಚ್ಚು ಜಾಗ ಅದಕ್ಕೇ. ಅದನ್ನು ಅಳೆಯಲು ದೂರದರ್ಶಕ ಬೇಡ. ಒಂದು ಮೀಟರ್ ಎತ್ತರದ ಕೋಲು, ಮಟ್ಟವಾದ ನೆಲ ಮತ್ತು ಒಂದು ವರ್ಷದ ತಾಳ್ಮೆ ಸಾಕು.

ಮೊದಲು ಕಾರಣ

ಬೇಸಿಗೆಯಲ್ಲಿ ಭೂಮಿ ಸೂರ್ಯನಿಗೆ ಹತ್ತಿರ ಹೋಗುತ್ತದೆ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿಯ ಮೊದಲ ವಾರದಲ್ಲಿ, ಸುಮಾರು 14.71 ಕೋಟಿ ಕಿ.ಮೀ. ದೂರಕ್ಕೆ. ಅತಿ ದೂರ ಹೋಗುವುದು ಜುಲೈ ಮೊದಲ ವಾರದಲ್ಲಿ, ಸುಮಾರು 15.21 ಕೋಟಿ ಕಿ.ಮೀ.ಗೆ. ಉತ್ತರಾರ್ಧಗೋಳದ ಬೇಸಿಗೆ ಬರುವುದು ಆ ದೂರದ ತುದಿಯಲ್ಲಿದ್ದಾಗಲೇ.

ನಿಜವಾದ ಕಾರಣ ಅಕ್ಷದ ಓರೆ. ಭೂಮಿ 23.44 ಡಿಗ್ರಿ ವಾಲಿಕೊಂಡೇ ಸೂರ್ಯನನ್ನು ಸುತ್ತುತ್ತದೆ, ವಾಲಿದ ದಿಕ್ಕು ವರ್ಷವಿಡೀ ಒಂದೇ. ಹಾಗಾಗಿ ಆರು ತಿಂಗಳು ಉತ್ತರಾರ್ಧ ಸೂರ್ಯನತ್ತ ಬಾಗಿದ್ದರೆ ಇನ್ನಾರು ತಿಂಗಳು ದಕ್ಷಿಣಾರ್ಧ ಬಾಗಿರುತ್ತದೆ. ಇದರಿಂದ ಎರಡು ಸಂಗತಿ ಒಟ್ಟಿಗೆ ಆಗುತ್ತವೆ: ಮಧ್ಯಾಹ್ನದ ಸೂರ್ಯ ಮೇಲೇರುತ್ತಾನೆ, ಹಗಲೂ ಉದ್ದವಾಗುತ್ತದೆ. ಕತ್ತಲ ಕೋಣೆಯಲ್ಲಿ ಟಾರ್ಚನ್ನು ಕಾಗದದ ಮೇಲೆ ನೇರವಾಗಿ ಹಿಡಿದು ಬೆಳಕಿನ ಸುತ್ತ ಗೆರೆ ಎಳೆಯಿರಿ. ಬಳಿಕ ಬೆಳಕು ಕಾಗದಕ್ಕೆ 30 ಡಿಗ್ರಿ ಓರೆಯಲ್ಲಿ ಬೀಳುವಂತೆ ಟಾರ್ಚನ್ನು ಬಾಗಿಸಿದರೆ ಅದೇ ಬೆಳಕು ಎರಡು ಪಟ್ಟು ಜಾಗಕ್ಕೆ ಹರಡಿಕೊಳ್ಳುತ್ತದೆ, ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸಿಗುವುದು ಅರ್ಧ. 45 ಡಿಗ್ರಿ ಅಕ್ಷಾಂಶದ ಊರಿನಲ್ಲಿ ಜೂನ್ ಮಧ್ಯಾಹ್ನದ ಸೂರ್ಯ 68.4 ಡಿಗ್ರಿ ಎತ್ತರದಲ್ಲಿದ್ದರೆ ಡಿಸೆಂಬರಿನಲ್ಲಿ ಬರೀ 21.6. ಅಷ್ಟಕ್ಕೇ ನೆಲಕ್ಕೆ ಬೀಳುವ ಬಿಸಿಲು ಎರಡೂವರೆ ಪಟ್ಟು ಹೆಚ್ಚುಕಮ್ಮಿ. ಮೇಲಾಗಿ ಹಗಲು ಒಂದು ಕಾಲದಲ್ಲಿ ಹದಿನೈದೂವರೆ ಗಂಟೆ, ಇನ್ನೊಂದು ಕಾಲದಲ್ಲಿ ಒಂಬತ್ತೂ ಇಲ್ಲ.

ಬೇಕಾದ ಸಾಮಾನು

- ಅಲುಗದ ಹಾಗೆ ನಿಲ್ಲಿಸಲು ಒಂದು ಮೀಟರಿಗಿಂತ ಸ್ವಲ್ಪ ಉದ್ದದ ಮರದ ಅಥವಾ ಕಬ್ಬಿಣದ ಕೋಲು. ಪಂಚಾಂಗದ ಗಣಿತದಲ್ಲಿ ಇದರ ಹೆಸರು ಶಂಕು.
- 10 ಸೆಂ.ಮೀ. ಚದರದ ತಗಡು ಅಥವಾ ದಪ್ಪ ರಟ್ಟು, ನಡುವೆ 3ರಿಂದ 4 ಮಿ.ಮೀ. ತೂತು
- ತೂಕದ ಗುಂಡು ಮತ್ತು ದಾರ, ರಸಮಟ್ಟ, ಸ್ಟೀಲಿನ ಟೇಪು, ಸೀಮೆಸುಣ್ಣ, ಒಂದು ನೋಟ್‌ಬುಕ್

ತಗಡೇಕೆ ಎಂದರೆ, ಬರೀ ಕೋಲಿನ ನೆರಳಿಗೆ ತುದಿಯೇ ಇರುವುದಿಲ್ಲ. ಬಗ್ಗಿ ನೋಡಿ: ಕಪ್ಪು ನೆರಳು ಬೂದಿಯಾಗುತ್ತದೆ, ಬೂದಿ ಬಿಸಿಲಿನಲ್ಲಿ ಕರಗಿಹೋಗುತ್ತದೆ, ಎಲ್ಲಿ ಮುಗಿಯಿತೆಂದು ಹೇಳಲಾಗದು. ಸೂರ್ಯ ಒಂದು ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಹಾಗಾಗಿ ಒಂದು ಮೀಟರ್ ಕೋಲಿನ ನೆರಳಿನ ಅಂಚು ಒಂದು ಸೆಂಟಿಮೀಟರಿಗಿಂತ ಹೆಚ್ಚು ಮಸುಕಾಗುತ್ತದೆ. ತಗಡಿನ ತೂತಿನಿಂದ ಇಳಿದ ಬೆಳಕಾದರೆ ನೆಲದ ಮೇಲೆ ಸೂರ್ಯನ ಬಿಂಬವನ್ನೇ ಮೂಡಿಸುತ್ತದೆ. ಅದು ಕಾಸಿನಗಲದ ಮೊಟ್ಟೆಯಾಕಾರದ ಬೆಳಕು, ಅದರ ನಡುವನ್ನು ಕಣ್ಣಂದಾಜಿನಲ್ಲೇ ಒಂದು ಮಿಲಿಮೀಟರಿಗೆ ಗುರುತಿಸಬಹುದು. ತೂತು ತೀರಾ ಸಣ್ಣದಾದರೆ ಬೆಳಕು ಮಂಕು, ದೊಡ್ಡದಾದರೆ ಅಂಚು ಮತ್ತೆ ಮಸುಕು. ನೋಡುವುದು ನೆಲವನ್ನು ಮಾತ್ರ. ತೂತಿನ ಮೂಲಕ ಸೂರ್ಯನತ್ತ ಕಣ್ಣು ಹಾಯಿಸಬೇಡಿ.

ನಿಲ್ಲಿಸುವುದು

1. ವರ್ಷವಿಡೀ ಮಧ್ಯಾಹ್ನ ಬಿಸಿಲು ಬೀಳುವ ಜಾಗ ಆರಿಸಿ. ಜೂನಿನಲ್ಲಿ ಬಯಲಾಗಿ ಕಂಡ ಜಾಗಕ್ಕೆ ಡಿಸೆಂಬರಿನಲ್ಲಿ ಪಕ್ಕದ ಗೋಡೆಯ ನೆರಳು ಬರಬಹುದು. ಚಳಿಗಾಲದ ಮಧ್ಯಾಹ್ನದ ಎತ್ತರ ಮೊದಲೇ ಲೆಕ್ಕಹಾಕಿಕೊಳ್ಳಿ: 90ರಿಂದ ಅಕ್ಷಾಂಶವನ್ನೂ 23.4ನ್ನೂ ಕಳೆದರೆ ಅದೇ.

2. ಕೋಲಿನ ಮೇಲ್ತುದಿಯಿಂದ ಪೂರ್ವಕ್ಕೋ ಪಶ್ಚಿಮಕ್ಕೋ 15 ಸೆಂ.ಮೀ. ಚಾಚುವಂತೆ ಒಂದು ಪಟ್ಟಿ ಕಟ್ಟಿ, ಅದರ ತುದಿಗೆ ತಗಡನ್ನು ಮಟ್ಟವಾಗಿ ಕೂರಿಸಿ. ನೇರ ಕೋಲಿನ ತಲೆಗೇ ಕೂರಿಸಿದರೆ ಮಧ್ಯಾಹ್ನ ಕೋಲಿನ ನೆರಳೇ ಬಿಂಬವನ್ನು ನುಂಗುತ್ತದೆ.

3. ತೂತಿನಿಂದ ನೆಲಕ್ಕೆ ಸರಿಯಾಗಿ 100 ಸೆಂ.ಮೀ. ಇರಲಿ. ಬೇರೆ ಎತ್ತರವೂ ನಡೆಯುತ್ತದೆ, ಆದರೆ ನೂರಾದರೆ ಮುಂದಿನ ಲೆಕ್ಕವೆಲ್ಲ ಸಲೀಸು.

4. ತೂತಿನ ನಡುವಿನಿಂದ ತೂಕದ ಗುಂಡು ಇಳಿಬಿಟ್ಟು, ಅದು ನೆಲ ಮುಟ್ಟುವಲ್ಲಿ ಮೊಳೆ ಹೊಡೆಯಿರಿ. ಇದೇ ಬುಡದ ಬಿಂದು, ಎಲ್ಲ ಅಳತೆಯೂ ಇಲ್ಲಿಂದ.

ನಾಲ್ಕನೆಯದರಲ್ಲೇ ಹೆಚ್ಚಿನವರು ಎಡವುವುದು. ಬರೀ ಕೋಲು ನೆಟ್ಟು ಅದರ ಬುಡದಿಂದ ಅಳೆಯುತ್ತಾರೆ. ಕೋಲು ಒಂದು ಡಿಗ್ರಿ ವಾಲಿದ್ದರೆ ತುದಿ 17 ಮಿ.ಮೀ. ಸರಿದಿರುತ್ತದೆ, 15 ಡಿಗ್ರಿ ಅಕ್ಷಾಂಶದಲ್ಲಿ ವಿಷುವದ, ಅಂದರೆ ಸೂರ್ಯ ಸಮಭಾಜಕ ದಾಟುವ ದಿನದ, ಹೊತ್ತಿನಲ್ಲಿ ಇದು ಎರಡು ದಿನಕ್ಕೂ ಮಿಕ್ಕಿದ ತಪ್ಪು. ಗುಂಡಿನಿಂದ ಗುರುತಿಸಿದ ಬಿಂದುವಾದರೆ ಕೋಲು ಸೊಟ್ಟಗಿದ್ದರೂ ಚಿಂತೆಯಿಲ್ಲ. ನೆಲದ ವಾಟಕ್ಕೆ ಮಾತ್ರ ಕ್ಷಮೆಯಿಲ್ಲ. ಸಿಮೆಂಟಿನ ಅಂಗಳಕ್ಕೂ ತಾರಸಿಗೂ ನೀರು ಹರಿಯಲೆಂದೇ ವಾಟ ಕೊಟ್ಟಿರುತ್ತಾರೆ, ಕಣ್ಣಿಗೆ ಕಾಣುವುದಿಲ್ಲ. ರಸಮಟ್ಟ ಇಟ್ಟು ನೋಡಿ, ಬೇಕಾದರೆ ಒಂದು ಹಲಗೆ ಹಾಸಿ ಮಟ್ಟ ಮಾಡಿಕೊಳ್ಳಿ.

ಉತ್ತರ-ದಕ್ಷಿಣ ಗೆರೆ

ದಿಕ್ಸೂಚಿಯನ್ನು ನೆಚ್ಚಬೇಡಿ. ಅದು ತೋರಿಸುವುದು ಕಾಂತೀಯ ಉತ್ತರ, ಸಾಲದ್ದಕ್ಕೆ ಪಕ್ಕದಲ್ಲಿ ಕಬ್ಬಿಣದ ಕೋಲು ಬೇರೆ. ಸೂರ್ಯನನ್ನೇ ಕೇಳುವುದು ಲೇಸು.

ಬೆಳಿಗ್ಗೆ ಒಂಬತ್ತೂವರೆ ಹತ್ತರ ಹೊತ್ತಿಗೆ ಬಿಂಬದ ನಡುವೆ ಗುರುತು ಹಾಕಿ. ಬುಡದ ಮೊಳೆಗೆ ದಾರ ಕಟ್ಟಿ ಆ ಗುರುತಿನ ಮೂಲಕ ಹಾಯುವ ವೃತ್ತ ಎಳೆಯಿರಿ. ಬಿಂಬ ವೃತ್ತದ ಒಳಗೆ ಬಂದು, ಮಧ್ಯಾಹ್ನದ ಮೇಲೆ ಮತ್ತೆ ಅದೇ ವೃತ್ತವನ್ನು ಇನ್ನೊಂದು ಬದಿಯಲ್ಲಿ ದಾಟುತ್ತದೆ. ಅಲ್ಲೂ ಗುರುತು ಹಾಕಿ. ಎರಡು ಗುರುತನ್ನು ಸೇರಿಸುವ ಗೆರೆ ಪೂರ್ವ-ಪಶ್ಚಿಮ, ಅದರ ನಡುವಿನಿಂದ ಬುಡದ ಬಿಂದುವಿಗೆ ಎಳೆದದ್ದು ಉತ್ತರ-ದಕ್ಷಿಣ. ಅರ್ಧ ಅರ್ಧ ಗಂಟೆ ಬಿಟ್ಟು ಮೂರು ವೃತ್ತ ಮಾಡಿದರೆ ಮೂರೂ ಗೆರೆ ಒಂದರ ಮೇಲೊಂದು ಕೂರಬೇಕು. ಕೂರದಿದ್ದರೆ ನೆಲ ಮಟ್ಟವಾಗಿಲ್ಲ, ಹಿಂದಕ್ಕೆ ಹೋಗಿ. ಈ ಕೆಲಸಕ್ಕೆ ಜೂನ್ ಅಥವಾ ಡಿಸೆಂಬರ್ ಒಳ್ಳೆಯದು, ಆಗ ಬೆಳಗಿನಿಂದ ಸಂಜೆಗೆ ಸೂರ್ಯ ಉತ್ತರ-ದಕ್ಷಿಣವಾಗಿ ಸರಿಯುವುದು ಇಲ್ಲವೆನ್ನುವಷ್ಟು ಕಡಿಮೆ.

ಈ ಗೆರೆಯನ್ನು ಬಿಂಬದ ನಡು ದಾಟಿದ ಕ್ಷಣವೇ ನಿಮ್ಮ ಜಾಗದ ನಿಜವಾದ ಮಧ್ಯಾಹ್ನ. ಗಡಿಯಾರದ ಹನ್ನೆರಡಕ್ಕೂ ಅದಕ್ಕೂ ಸಂಬಂಧ ಕಡಿಮೆ. ಕಾಲವಲಯದ ನಡುರೇಖೆಯಿಂದ ಒಂದೊಂದು ಡಿಗ್ರಿ ಆಚೀಚೆಗೆ ನಾಲ್ಕು ನಿಮಿಷ ವ್ಯತ್ಯಾಸ, ಅದರ ಮೇಲೆ ಸೂರ್ಯ ಫೆಬ್ರವರಿ ನಡುವಿನಲ್ಲಿ 14 ನಿಮಿಷ ತಡ, ನವೆಂಬರ್ ಆರಂಭದಲ್ಲಿ 16 ನಿಮಿಷ ಮುಂಚೆ. ಗಡಿಯಾರ ನೋಡಿ ಅಳೆದವರ ಪಟ್ಟಿ ಹಾಳಾಗುವುದು ಇಲ್ಲೇ. 15 ಡಿಗ್ರಿ ಅಕ್ಷಾಂಶದಲ್ಲಿ ಬಿಂಬ ನಿಮಿಷಕ್ಕೆ ನಾಲ್ಕೈದು ಮಿ.ಮೀ. ಸರಿಯುತ್ತದೆ. ಮುಂದಿನ ಅಂಚು ಗೆರೆ ಮುಟ್ಟಿದಾಗಿನಿಂದ ಹಿಂದಿನ ಅಂಚು ಬಿಡುವವರೆಗೆ ಎರಡು ನಿಮಿಷ ಚಿಲ್ಲರೆ. ಉಸಿರು ಬಿಗಿಹಿಡಿದು ನೋಡುವಂಥ ಎರಡು ನಿಮಿಷ ಅದು. ಭೂಮಿ ತಿರುಗುವುದು ಕಣ್ಣಿಗೆ ಕಾಣುವುದು ಅಪರೂಪ.

ಎಷ್ಟು ಉದ್ದ ಬರಬೇಕು

ವಾರಕ್ಕೊಮ್ಮೆ ಅಳೆದರೆ ಸಾಕು. ವಿಷುವದ ಹಿಂದೆಮುಂದೆ ಹತ್ತು ದಿನ ಮಾತ್ರ ಮೋಡವಿಲ್ಲದ ಪ್ರತಿ ದಿನ ಅಳೆಯಿರಿ. 100 ಸೆಂ.ಮೀ. ಎತ್ತರಕ್ಕೆ, ಉತ್ತರಾರ್ಧಗೋಳದಲ್ಲಿ, ಮಧ್ಯಾಹ್ನದ ನೆರಳು ಹೀಗೆ ಬರುತ್ತದೆ (ಸೆಂ.ಮೀ.):

- ಅಕ್ಷಾಂಶ 15: ವಿಷುವದಂದು 26.8, ಡಿಸೆಂಬರ್ ಅಯನಕ್ಕೆ (ಸೂರ್ಯ ದಕ್ಷಿಣದ ತುದಿ ಮುಟ್ಟಿ ಹಿಂತಿರುಗುವ ದಿನ; ಜೂನಿನಲ್ಲಿ ಉತ್ತರದ ತುದಿ) 79.4, ಜೂನ್ ಅಯನಕ್ಕೆ 14.8 (ದಕ್ಷಿಣಕ್ಕೆ)
- ಅಕ್ಷಾಂಶ 30: ವಿಷುವದಂದು 57.7, ಡಿಸೆಂಬರಿಗೆ 134.9, ಜೂನಿಗೆ 11.5
- ಅಕ್ಷಾಂಶ 45: ವಿಷುವದಂದು 100, ಡಿಸೆಂಬರಿಗೆ 253, ಜೂನಿಗೆ 39.5
- ಅಕ್ಷಾಂಶ 60: ವಿಷುವದಂದು 173, ಡಿಸೆಂಬರಿಗೆ ಸುಮಾರು 870, ಜೂನಿಗೆ 74

ದಕ್ಷಿಣಾರ್ಧದಲ್ಲಿ ಜೂನ್, ಡಿಸೆಂಬರ್ ಅದಲುಬದಲು, ನೆರಳಿನ ದಿಕ್ಕೂ ತಿರುಗುಮುರುಗು. 60ರ ಆಸುಪಾಸಿನವರು ಎರಡು ಗೇಣಿನ ಗಿಡ್ಡ ಕೋಲು ಇಟ್ಟುಕೊಳ್ಳುವುದೇ ವಾಸಿ, ಇಲ್ಲವಾದರೆ ಡಿಸೆಂಬರಿನಲ್ಲಿ ನೆರಳು ಹಿಡಿಯಲು ಅಂಗಳ ಸಾಲದು.

ನಡುವಿನ ದಿನಗಳಿಗೆ ಸೂರ್ಯನ ಕ್ರಾಂತಿ, ಅಂದರೆ ಸಮಭಾಜಕದಿಂದ ಎಷ್ಟು ಡಿಗ್ರಿ ಉತ್ತರ ಅಥವಾ ದಕ್ಷಿಣದಲ್ಲಿದ್ದಾನೆ ಎಂಬುದು ಬೇಕು. ಅಂದಾಜಿಗೆ ಇಷ್ಟು ನೆನಪಿದ್ದರೆ ಸಾಕು: ಏಪ್ರಿಲ್ 16 ಮತ್ತು ಆಗಸ್ಟ್ 27ರ ಹೊತ್ತಿಗೆ ಉತ್ತರ 10, ಮೇ 1, ಆಗಸ್ಟ್ 12ಕ್ಕೆ ಉತ್ತರ 15, ಮೇ 21, ಜುಲೈ 23ಕ್ಕೆ ಉತ್ತರ 20. ಅಕ್ಟೋಬರ್ 20, ಫೆಬ್ರವರಿ 23ಕ್ಕೆ ದಕ್ಷಿಣ 10. ನವೆಂಬರ್ 22, ಜನವರಿ 20ಕ್ಕೆ ದಕ್ಷಿಣ 20. ಅಕ್ಷಾಂಶದಿಂದ ಕ್ರಾಂತಿಯನ್ನು ಕಳೆದು (ದಕ್ಷಿಣವಾದರೆ ಕೂಡಿ) ಬಂದ ಕೋನದ ಟ್ಯಾನ್ ಬೆಲೆಯನ್ನು 100ರಿಂದ ಗುಣಿಸಿದರೆ ನೆರಳಿನ ಉದ್ದ. ಕ್ರಾಂತಿಯೂ ಅಕ್ಷಾಂಶವೂ ಸಮವಾದ ದಿನ ನೆರಳು ಶೂನ್ಯ. ಸಮಭಾಜಕದ ಎರಡೂ ಕಡೆ 23.44 ಡಿಗ್ರಿಯೊಳಗಿನವರಿಗೆ ಮಾತ್ರ, ವರ್ಷಕ್ಕೆ ಎರಡು ಸಲ.

ವಿಷುವವನ್ನು ಹಿಡಿಯುವುದು ಸುಲಭ

ವಿಷುವದ ಹೊತ್ತಿನಲ್ಲಿ ಸೂರ್ಯ ದಿನಕ್ಕೆ 0.4 ಡಿಗ್ರಿ ಸರಿಯುತ್ತಾನೆ. 15 ಡಿಗ್ರಿ ಅಕ್ಷಾಂಶದಲ್ಲಿ ಒಂದು ಮೀಟರ್ ಎತ್ತರಕ್ಕೆ ಇದು ದಿನಕ್ಕೆ ಏಳೂವರೆ ಮಿ.ಮೀ. ಒಂದು ಮಿಲಿಮೀಟರ್ ತಪ್ಪಿದರೂ ಮೂರು ಗಂಟೆಯ ತಪ್ಪು ಅಷ್ಟೇ.

ಲೆಕ್ಕ ಹೀಗೆ. ನಿಮ್ಮ ಅಕ್ಷಾಂಶಕ್ಕೆ ವಿಷುವದ ನೆರಳು 26.8 ಎಂದಿಟ್ಟುಕೊಳ್ಳಿ. ಮಾರ್ಚಿನಲ್ಲಿ ಒಂದು ಮಧ್ಯಾಹ್ನ 27.2, ಮರುದಿನ 26.5 ಬಂತು. ಒಂದು ದಿನದ ಇಳಿಕೆ 0.7, ಅದರಲ್ಲಿ 0.4 ಇಳಿದಾಗ ವಿಷುವ. 0.4ನ್ನು 0.7ರಿಂದ ಭಾಗಿಸಿ 24ರಿಂದ ಗುಣಿಸಿದರೆ ಮೊದಲ ಮಧ್ಯಾಹ್ನದಿಂದ ಸುಮಾರು 14 ಗಂಟೆ. ಅಂದರೆ ನಸುಕಿನ ಎರಡು ಗಂಟೆಯ ಸುಮಾರಿಗೆ, ಎಲ್ಲರೂ ಮಲಗಿದ್ದಾಗ, ಸೂರ್ಯ ಸಮಭಾಜಕ ದಾಟಿದ. ಅಕ್ಷಾಂಶ 0.1 ಡಿಗ್ರಿ ತಪ್ಪಾದರೆ ಉತ್ತರ ಆರು ಗಂಟೆ ತಪ್ಪುತ್ತದೆ, ಹಾಗಾಗಿ ಫೋನಿನ ನಕ್ಷೆಯಲ್ಲಿ ಎರಡು ದಶಾಂಶಕ್ಕೆ ನೋಡಿಕೊಳ್ಳಿ.

ಲೆಕ್ಕವೇ ಬೇಡವೆನ್ನುವವರಿಗೆ ಇನ್ನೊಂದು ದಾರಿ. ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ಅರ್ಧ ಗಂಟೆಗೊಮ್ಮೆ ಬಿಂಬವನ್ನು ಗುರುತಿಸಿ. ವಿಷುವದಂದು ಎಲ್ಲ ಗುರುತೂ ಬಿಗಿಯಾಗಿ ಎಳೆದ ದಾರದ ಕೆಳಗೇ ಬೀಳುತ್ತವೆ, ಪೂರ್ವ-ಪಶ್ಚಿಮವಾಗಿ ನೆಟ್ಟಗೆ. ಉತ್ತರಾರ್ಧದ ಚಳಿಗಾಲದಲ್ಲಿ ಗೆರೆಯ ಎರಡು ತುದಿ ಉತ್ತರಕ್ಕೆ ಬಾಗುತ್ತವೆ, ಬೇಸಿಗೆಯಲ್ಲಿ ದಕ್ಷಿಣಕ್ಕೆ. ವರ್ಷದಲ್ಲಿ ಎರಡು ಸಲ ಮಾತ್ರ ಗೆರೆ ಸರಳವಾಗುತ್ತದೆ.

ಅಂದು ಹಗಲು ಇರುಳು ಸಮ ಎಂದು ಪುಸ್ತಕದಲ್ಲಿ ಓದಿ ಗಡಿಯಾರ ಹಿಡಿದರೆ ನಿರಾಸೆಯಾದೀತು. ಸೂರ್ಯನ ಮೇಲಂಚು ಕಂಡಾಗಲೇ ಉದಯ, ಅದೇ ಅಂಚು ಮರೆಯಾದಾಗ ಅಸ್ತ. ವಾತಾವರಣವೂ ಬೆಳಕನ್ನು ಬಗ್ಗಿಸಿ ದಿಗಂತದ ಕೆಳಗಿನ ಸೂರ್ಯನನ್ನು ಎತ್ತಿ ತೋರಿಸುತ್ತದೆ. ಇವೆರಡೂ ಸೇರಿ ಸಮಭಾಜಕದಲ್ಲಿ ಕೂಡ ಹಗಲು ಏಳು ನಿಮಿಷ ಹೆಚ್ಚು. ವಿಷುವವೆಂದರೆ ಸೂರ್ಯ ಸಮಭಾಜಕ ದಾಟುವ ಕ್ಷಣ, ಹಗಲಿನ ಅಳತೆಯಲ್ಲ.

ಅಯನವನ್ನು ಎರಡು ಬದಿಯಿಂದ ಹಿಡಿಯಬೇಕು

ನೆರಳು ಅತಿ ಉದ್ದವಾದ ದಿನ ಯಾವುದೆಂದು ಕಾಯುತ್ತ ಕುಳಿತರೆ ಸಿಗುವುದಿಲ್ಲ. ಅಯನದಿಂದ ಐದು ದಿನ ಆಚೀಚೆಗೆ ಕ್ರಾಂತಿಯ ವ್ಯತ್ಯಾಸ ಬರೀ 0.09 ಡಿಗ್ರಿ, 15ರ ಅಕ್ಷಾಂಶದಲ್ಲಿ ಅದು ಎರಡೂವರೆ ಮಿ.ಮೀ. ಹತ್ತು ದಿನಕ್ಕೂ 0.37 ಡಿಗ್ರಿ, ಅಂದರೆ ವಿಷುವದಲ್ಲಿ ಒಂದೇ ದಿನ ಸರಿಯುವಷ್ಟೂ ಅಲ್ಲ. ಉಯ್ಯಾಲೆ ತುದಿಗೆ ಹೋಗಿ ನಿಂತಂತೆ, ಸೂರ್ಯ ಅಲ್ಲಿ ನಿಧಾನಿಸುತ್ತಾನೆ.

ಉಪಾಯ ಇಷ್ಟೇ. ನವೆಂಬರ್ 20ರ ಸುಮಾರಿಗೆ ಒಂದು ದಿನ ಬಿಂಬದ ನಡುವೆ ಮೊಳೆ ಹೊಡೆದು ತಾರೀಖು ಬರೆದಿಡಿ. ನೆರಳು ಉದ್ದವಾಗಿ, ನಿಂತು, ವಾಪಸಾಗುತ್ತ ಜನವರಿಯಲ್ಲಿ ಅದೇ ಮೊಳೆಯ ಮೇಲೆ ಬರುತ್ತದೆ. ಎರಡು ತಾರೀಖಿನ ನಟ್ಟನಡುವೆ ಅಯನ. ನವೆಂಬರ್ 22ಕ್ಕೆ ಹೊಡೆದ ಮೊಳೆಗೆ ಜನವರಿ 20ಕ್ಕೆ ಬಿಂಬ ಮರಳಿದರೆ ನಡುವೆ 59 ದಿನ, ಅರ್ಧ ಮಾಡಿದರೆ ಡಿಸೆಂಬರ್ 21-22. ಆ ತುದಿಗಳಲ್ಲಿ ನೆರಳು ಚುರುಕಾಗಿ ಸರಿಯುವುದರಿಂದ ತಪ್ಪು ಕಡಿಮೆ. ಮೋಡದ ಭಯವಿದ್ದರೆ ನಾಲ್ಕೈದು ಮೊಳೆ ಹೊಡೆದಿಡಿ, ಒಂದಾದರೂ ಜೋಡಿ ಸಿಕ್ಕೇ ಸಿಗುತ್ತದೆ. ಜೂನಿಗೂ ಇದೇ ಕ್ರಮ, ಮೇ 20ರಿಂದ ಶುರು.

ಎರಡೂ ಅಯನದ ನೆರಳು ಕೈಗೆ ಬಂದರೆ ಭೂಮಿಯ ಓರೆಯೂ ಕೈಗೆ ಬಂದಂತೆ. 30 ಡಿಗ್ರಿಯ ಜಾಗದಲ್ಲಿ 134.9 ಸೆಂ.ಮೀ.ಗೆ ಕೋನ 53.44, 11.5ಕ್ಕೆ 6.56. ಎರಡನ್ನೂ ಕೂಡಿ ಅರ್ಧ ಮಾಡಿದರೆ 30, ಅಕ್ಷಾಂಶ. ಕಳೆದು ಅರ್ಧ ಮಾಡಿದರೆ 23.44, ಅಕ್ಷದ ಓರೆ. ಜೂನ್ ನೆರಳು ದಕ್ಷಿಣಕ್ಕೆ ಬೀಳುವ ಜಾಗದಲ್ಲಿ ಆ ಕೋನಕ್ಕೆ ಋಣಚಿಹ್ನೆ ಹಾಕಲು ಮರೆಯಬೇಡಿ. ಮರೆತರೆ 15ರ ಅಕ್ಷಾಂಶದಲ್ಲಿ ಓರೆ 15 ಡಿಗ್ರಿ ಬಂದು ತಲೆ ಕೆಡುತ್ತದೆ.

ತಾರೀಖು ಪ್ರತಿ ವರ್ಷ ಏಕೆ ಜಾರುತ್ತದೆ

ಋತುಚಕ್ರದ ವರ್ಷ 365.2422 ದಿನ. ಹಾಗಾಗಿ ಪ್ರತಿ ವರ್ಷ ವಿಷುವ ಸುಮಾರು ಐದು ಮುಕ್ಕಾಲು ಗಂಟೆ ತಡವಾಗುತ್ತದೆ, ಅಧಿಕ ವರ್ಷದಲ್ಲಿ ಹಿಂದಕ್ಕೆ ಜಿಗಿಯುತ್ತದೆ. ಗ್ರೀನ್‌ವಿಚ್ ಕಾಲದಲ್ಲಿ 2025ರ ಸೆಪ್ಟೆಂಬರ್ ವಿಷುವ 22ರ ಸಂಜೆ 6:19ಕ್ಕೆ ಬಿದ್ದರೆ 2026ರದ್ದು 23ರಂದು ನಡುರಾತ್ರಿ ಕಳೆದು ಐದು ನಿಮಿಷಕ್ಕೆ. ಸರಿದದ್ದು ಆರು ಗಂಟೆಯೂ ಅಲ್ಲ, ತಾರೀಖು ಬದಲಾಯಿತು. ಎರಡು ದೇಶಗಳ ಕ್ಯಾಲೆಂಡರಿನಲ್ಲಿ ಬೇರೆ ತಾರೀಖು ಕಂಡರೂ ಗಾಬರಿ ಬೇಡ, ಕಾಲವಲಯ ಬೇರೆ ಅಷ್ಟೇ.

ನಾಲ್ಕು ಭಾಗಗಳು ಸಮವೂ ಅಲ್ಲ. ಮಾರ್ಚ್ ವಿಷುವದಿಂದ ಜೂನ್ ಅಯನಕ್ಕೆ 92.8 ದಿನ, ಅಲ್ಲಿಂದ ಸೆಪ್ಟೆಂಬರಿಗೆ 93.6, ಡಿಸೆಂಬರಿಗೆ 89.8, ಮತ್ತೆ ಮಾರ್ಚಿಗೆ 89. ಜನವರಿಯಲ್ಲಿ ಸೂರ್ಯನಿಗೆ ಹತ್ತಿರವಿದ್ದಾಗ ಭೂಮಿ ವೇಗವಾಗಿ ಓಡುವುದೇ ಕಾರಣ. ವರ್ಷವನ್ನು ನಾಲ್ಕು ಮಾಡಿ 90 ಡಿಗ್ರಿಗೊಂದರಂತೆ ಕತ್ತರಿಸಿದರೂ, ವಸಂತ, ಗ್ರೀಷ್ಮ, ವರ್ಷಾ, ಶರದ್, ಹೇಮಂತ, ಶಿಶಿರ ಎಂದು 60 ಡಿಗ್ರಿಗೊಂದರಂತೆ ಆರು ಮಾಡಿದರೂ ಈ ಏರುಪೇರು ಬಿಡುವುದಿಲ್ಲ.

ನಕ್ಷತ್ರಗಳನ್ನು ಆಧರಿಸಿದ ನಿರಯನ ವರ್ಷ ಇದಕ್ಕಿಂತ 20 ನಿಮಿಷ ಉದ್ದ. ಸುಮಾರು 72 ವರ್ಷಕ್ಕೆ ಒಂದು ದಿನ ಹಿಂದೆ ಬೀಳುತ್ತದೆ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೆ, ನಿರಯನ ಲೆಕ್ಕದಲ್ಲಿ ಮಕರ ರಾಶಿಗೆ ಬರುವುದು ಜನವರಿ 14ರ ಸುಮಾರಿಗೆ. ಮೂರು ವಾರಕ್ಕೂ ಹೆಚ್ಚಿನ ಆ ಅಂತರ ಹೀಗೆ ಶತಮಾನಗಳಿಂದ ಸೇರಿದ್ದು. ನಿಮ್ಮ ಮೊಳೆಗಳು ಡಿಸೆಂಬರನ್ನೇ ತೋರಿಸುತ್ತವೆ.

ಹವೆ ಹಿಂದೆ ಬರುತ್ತದೆ

ಬಿಸಿಲು ಹೆಚ್ಚಿದ ದಿನವೇ ಸೆಕೆ ಹೆಚ್ಚುವುದಿಲ್ಲ. ಒಲೆಯ ಉರಿ ತುಸು ತಗ್ಗಿಸಿದರೂ ನೀರು ಇನ್ನೂ ಬಿಸಿಯಾಗುತ್ತಲೇ ಇರುವಂತೆ, ಕಳೆದುಕೊಳ್ಳುವುದಕ್ಕಿಂತ ಪಡೆಯುವುದು ಹೆಚ್ಚಿರುವವರೆಗೆ ನೆಲ ಕಾಯುತ್ತಲೇ ಹೋಗುತ್ತದೆ. ಸಮಶೀತೋಷ್ಣ ವಲಯದ ಒಳನಾಡಿನಲ್ಲಿ ಅಯನ ಕಳೆದು ಸುಮಾರು ಒಂದು ತಿಂಗಳಿಗೆ, ಕಡಲತೀರದಲ್ಲಿ ಎರಡು ತಿಂಗಳವರೆಗೂ ತಡವಾಗಿ ತಾಪ ತುದಿ ಮುಟ್ಟುತ್ತದೆ. ಹವಾಮಾನದ ಲೆಕ್ಕದಲ್ಲಿ ಋತುಗಳನ್ನು ಮಾರ್ಚ್ 1, ಜೂನ್ 1, ಸೆಪ್ಟೆಂಬರ್ 1, ಡಿಸೆಂಬರ್ 1ಕ್ಕೆ ಆರಂಭಿಸುವುದು ಇಡೀ ತಿಂಗಳುಗಳ ಸರಾಸರಿ ಹೋಲಿಸಲು ಅನುಕೂಲ ಎಂದು.

ನಿಮ್ಮ ಜಾಗದ ತಡ ಎಷ್ಟೆಂದು ತಿಳಿಯಲು ನೆರಳಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ, ಗಾಳಿಯಾಡುವಂತೆ ಗರಿಷ್ಠ-ಕನಿಷ್ಠ ಥರ್ಮಾಮೀಟರ್ ತೂಗುಹಾಕಿ. ಗೋಡೆಗೆ ಅಂಟಿಸಿದರೆ ಗೋಡೆಯ ಬಿಸಿಯನ್ನೇ ಅಳೆದಂತಾಗುತ್ತದೆ. ದಿನದಿನದ ಅಂಕಿಗೆ ಮರುಳಾಗದೆ ಹತ್ತು ದಿನದ ಸರಾಸರಿ ಮಾಡಿ, ನೆರಳಿನ ಪಟ್ಟಿಯ ಪಕ್ಕದಲ್ಲೇ ಬರೆಯಿರಿ.

ಉಷ್ಣವಲಯದಲ್ಲಿ ಈ ಸೂತ್ರ ಸೋಲುತ್ತದೆ. ಅಲ್ಲಿ ಸೂರ್ಯ ಎರಡು ಸಲ ನೆತ್ತಿಗೆ ಬರುತ್ತಾನೆ, ಮಳೆಯ ಪಟ್ಟಿ ಅವನ ಹಿಂದೆಯೇ ಉತ್ತರ-ದಕ್ಷಿಣ ಓಡಾಡುತ್ತದೆ. ಮೋಡ ಕವಿದೊಡನೆ ತಾಪ ಇಳಿಯುವುದರಿಂದ ಅತಿ ಸೆಕೆ ಜೂನ್ ಅಯನಕ್ಕೆ ಮುಂಚೆಯೇ ಮುಗಿದಿರಬಹುದು. ಅಂಥಲ್ಲಿ ಋತು ತೀರ್ಮಾನಿಸುವುದು ಮಳೆ. ನೇರ ಗೋಡೆಯ ಪಾತ್ರೆ ಬಯಲಲ್ಲಿಟ್ಟು ದಿನವೂ ಒಂದೇ ಹೊತ್ತಿಗೆ ನೀರಿನ ಎತ್ತರವನ್ನು ಮಿ.ಮೀ.ನಲ್ಲಿ ಅಳೆದು ಚೆಲ್ಲಿ, ಐದು ದಿನಕ್ಕೊಮ್ಮೆ ಒಟ್ಟು ಹಾಕಿ. ಒಂದು ಅಡ್ಡಮಳೆಗೆ ಮಳೆಗಾಲ ಶುರುವಾಯಿತೆಂದು ಬರೆದು ಆಮೇಲೆ ಹೊಡೆದುಹಾಕಬೇಕಾಗುತ್ತದೆ. ಐದೈದು ದಿನದ ಮೂರು ಕಂತಿನಲ್ಲೂ ಮಳೆ ಬಿದ್ದ ಮೇಲೆ ಬರೆಯುವುದು ಜಾಣತನ.

ಗಿಡಮರದ ಗಡಿಯಾರ

ಮೂರು ನಾಲ್ಕು ಮರ ಆರಿಸಿಕೊಂಡು ಮೊದಲ ಚಿಗುರು, ಮೊದಲ ಹೂ, ಅರ್ಧ ಎಲೆ ಉದುರಿದ ದಿನ, ಇಷ್ಟನ್ನೇ ದಾಖಲಿಸಿ. ಚಿಗುರಿತು ಎನ್ನಲು ಏನಾಗಿರಬೇಕೆಂದು ಮೊದಲೇ ಬರೆದಿಟ್ಟುಕೊಳ್ಳಿ: ಮೂರು ಕೊಂಬೆಯಲ್ಲಿ ಎಲೆ ಬಿಚ್ಚಿಕೊಂಡಿರಬೇಕು ಎನ್ನುವಂತೆ. ಇಲ್ಲದಿದ್ದರೆ ಒಂದು ವರ್ಷ ಮೊಗ್ಗಿಗೇ ಗುರುತು ಹಾಕಿ, ಮರುವರ್ಷ ಪೂರ್ಣ ಎಲೆಗೆ ಕಾದು, ವಸಂತ ಹತ್ತು ದಿನ ತಡವಾಯಿತೆಂದು ತಪ್ಪು ತಿಳಿಯುತ್ತೀರಿ.

ತಂಪು ದೇಶಗಳಲ್ಲಿ ಚಿಗುರಿಗೆ ತಾರೀಖಿಗಿಂತ ಕೂಡಿಬಂದ ಶಾಖ ಮುಖ್ಯ. ದಿನದ ಗರಿಷ್ಠ, ಕನಿಷ್ಠ ಕೂಡಿ ಅರ್ಧ ಮಾಡಿ, ಅದರಿಂದ 10 ಡಿಗ್ರಿ ಕಳೆದು ಉಳಿದದ್ದನ್ನು ಕೂಡಿಸುತ್ತ ಹೋಗುವುದು ವಾಡಿಕೆ. ಗರಿಷ್ಠ 31, ಕನಿಷ್ಠ 17 ಆದರೆ ಆ ದಿನದ ಪಾಲು 14. ಸೊನ್ನೆಗಿಂತ ಕೆಳಗೆ ಬಂದರೆ ಸೊನ್ನೆಯೆಂದೇ ಹಿಡಿಯಿರಿ. ಎರಡು ವರ್ಷದ ಚಿಗುರಿನ ತಾರೀಖು ಎರಡು ವಾರ ಬೇರೆಯಿದ್ದರೂ ಈ ಮೊತ್ತ ಹತ್ತಿರಹತ್ತಿರ ಇರುವುದುಂಟು.

ಮರ ಮಾತ್ರ ಅದದೇ ಇರಲಿ. ಒಂದೇ ಜಾತಿಯ ಪಕ್ಕದ ಮರವೂ ಬೇರೆ ದಿನ ಚಿಗುರುತ್ತದೆ, ಬೀದಿದೀಪದ ಕೆಳಗಿನದು ಎಲೆ ಉದುರಿಸಲು ತಡಮಾಡುತ್ತದೆ. ಗುರುತಿನ ಮರ ಬಿದ್ದರೆ ಹೊಸ ಮರಕ್ಕೆ ಹೊಸ ಕಾಲಂ ಎಳೆಯಿರಿ, ಹಳೆಯದರ ಕೆಳಗೇ ಬರೆಯಬೇಡಿ.